ಎಂಜಿಬಿ ಕಾರಿನ ಹೀಟರ್ ಕೆಟ್ಟಾಗ: ಲಕ್ಷಣ ಹಿಡಿದು ದೋಷ ಹುಡುಕುವ ಕೈಪಿಡಿ

ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಿಂದ 1962ರಿಂದ 1980ರವರೆಗೆ ಹೊರಬಂದ ಎಂಜಿಬಿ ಕಾರುಗಳ ಸಂಖ್ಯೆ ಐದು ಲಕ್ಷವನ್ನು ಮೀರುತ್ತದೆ. ಆರಂಭದ ವರ್ಷಗಳಲ್ಲಿ ಬ್ರಿಟನ್ನಿನ ಗ್ರಾಹಕರು ಹೀಟರ್ ಬೇಕಿದ್ದರೆ ಅದಕ್ಕೆ ಪ್ರತ್ಯೇಕ ಹಣ ಕೊಡಬೇಕಿತ್ತು. ಹಾಗೆ ಹಣ ಕೊಟ್ಟು ಹಾಕಿಸಿಕೊಂಡ ಸ್ಮಿತ್ಸ್ ಕಂಪನಿಯ ಹೀಟರ್ ಹುಟ್ಟಿನಿಂದಲೇ ದುರ್ಬಲ ಎಂಬ ದೂರು ಇಂದಿಗೂ ಕೇಳಿಬರುತ್ತದೆ. ಈ ದೂರನ್ನು ಪೂರ್ತಿ ಒಪ್ಪಲಾಗದು. ಅದು ಇಂದಿನ ಕಾರುಗಳ ಹೀಟರಿಗೆ ಸಮನಲ್ಲ ಎಂಬುದು ನಿಜವಾದರೂ, ಬಿಸಿನೀರು ತಡೆಯಿಲ್ಲದೆ ಹರಿದು, ಒಳಬಂದ ಗಾಳಿಯೆಲ್ಲ ಕೋರಿನ (ಬಿಸಿನೀರಿನ ನಾಳಗಳೂ ಲೋಹದ ರೆಕ್ಕೆಗಳೂ ಇರುವ ಭಾಗ) ಮೂಲಕವೇ ಹಾದುಹೋದರೆ, ಮುಂಗಾಜಿನ ಮಂಜನ್ನು ತೆಗೆದು ಕಾಲುಗಳನ್ನು ಬೆಚ್ಚಗಿಡುವಷ್ಟು ಸಾಮರ್ಥ್ಯ ಅದಕ್ಕಿದೆ. ಹೆಚ್ಚಿನ ಕಾರುಗಳಲ್ಲಿ ಈ ಎರಡರಲ್ಲಿ ಒಂದು ತಪ್ಪಿರುತ್ತದೆ, ಅಷ್ಟೆ.

ಈ ಕಾರಿನ ಹೀಟರ್ ಪೆಟ್ಟಿಗೆಯನ್ನು ಹೊರತೆಗೆಯುವುದು ಇಡೀ ಕಾರಿನಲ್ಲೇ ಅತ್ಯಂತ ಬೇಸರದ ಕೆಲಸಗಳಲ್ಲೊಂದು. ಆದ್ದರಿಂದ ಪೆಟ್ಟಿಗೆ ತನ್ನ ಜಾಗದಲ್ಲಿ ಇರುವಾಗಲೇ ಮಾಡಬಹುದಾದ ಪರೀಕ್ಷೆಗಳನ್ನೆಲ್ಲ ಮುಗಿಸಿ, ದೋಷ ಪೆಟ್ಟಿಗೆಯ ಒಳಗೇ ಇದೆ ಎಂದು ಖಚಿತವಾದ ಮೇಲಷ್ಟೇ ಅದಕ್ಕೆ ಕೈ ಹಾಕಬೇಕು. ಈ ಕೈಪಿಡಿ ಅದೇ ಕ್ರಮದಲ್ಲಿದೆ.

ವ್ಯವಸ್ಥೆ ಸರಳವಾದುದು. ಎಂಜಿನ್ ಹೆಡ್ಡಿನ ಹಿಂತುದಿಯಲ್ಲಿ ಒಂದು ವಾಲ್ವ್ ಇದೆ. ಡ್ಯಾಶ್‌ಬೋರ್ಡಿನ ತಿರುಗುಣಿಯಿಂದ ಬಂದ ಕೇಬಲ್ ಅದನ್ನು ತೆರೆಯುತ್ತದೆ. ವಾಲ್ವಿನಿಂದ ಹೊರಟ ಬಿಸಿನೀರು ಹೋಸ್ ಮೂಲಕ ಹೀಟರ್ ಪೆಟ್ಟಿಗೆಯೊಳಗಿನ ಕೋರಿಗೆ ಹೋಗಿ, ಅಲ್ಲಿಂದ ಎಂಜಿನ್ನಿನ ಉದ್ದಕ್ಕೂ ಸಾಗುವ ಲೋಹದ ಕೊಳವೆಯ ಮೂಲಕ ರೇಡಿಯೇಟರಿನ ಕೆಳಗಿನ ಹೋಸ್ ಸೇರುತ್ತದೆ. ಗಾಳಿ ಮುಂಗಾಜಿನ ಬುಡದಲ್ಲಿರುವ ಜಾಲರಿಯಿಂದ ಒಳಗಿಳಿದು, ಫ್ಯಾನ್ ಮತ್ತು ಕೋರನ್ನು ದಾಟಿ, ಫ್ಲ್ಯಾಪ್ ತಿರುಗಿದ ಕಡೆಗೆ, ಅಂದರೆ ಕಾಲಿನತ್ತ ಅಥವಾ ಗಾಜಿನತ್ತ, ಹೋಗುತ್ತದೆ. ಬಹುಕಾಲ ನಮ್ಮ ಅಂಬಾಸಿಡರಿನಲ್ಲಿದ್ದ 1489 ಸಿಸಿ ಎಂಜಿನ್ ಮತ್ತು ಎಂಜಿಬಿಯ 1798 ಸಿಸಿ ಎಂಜಿನ್ ಎರಡೂ ಬಿಎಂಸಿ ಸಂಸ್ಥೆಯ ಬಿ-ಸರಣಿಯವು. ಊರಿನಲ್ಲಿ ಅಂಬಾಸಿಡರ್ ಬಿಚ್ಚಿ ಜೋಡಿಸಿದ ಅನುಭವ ಇರುವವರಿಗೆ ಇಲ್ಲಿನ ನೀರಿನ ದಾರಿ ಹೊಸದೆನಿಸದು.

ಕೆಲಸಕ್ಕೆ ಮೊದಲು

ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆರೆಯಬಾರದು. ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿಯೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ಸಡಿಲವಾದ ಕ್ಷಣದಲ್ಲಿ ಅದು ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಕೂಲೆಂಟಿನಲ್ಲಿರುವ (ಎಂಜಿನ್ ತಂಪಾಗಿಡಲು ತುಂಬುವ ದ್ರವ) ಎಥಿಲೀನ್ ಗ್ಲೈಕಾಲ್ ವಿಷ. ಅದರ ಸಿಹಿ ರುಚಿಗೆ ನಾಯಿ, ಬೆಕ್ಕು ನೆಕ್ಕಿ ಸಾಯುವುದುಂಟು. ಸುರಿಸಿದ ಕೂಲೆಂಟನ್ನು ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿಟ್ಟು ಸ್ಥಳೀಯ ಆಡಳಿತದ ತ್ಯಾಜ್ಯ ಕೇಂದ್ರಕ್ಕೆ ಒಪ್ಪಿಸಬೇಕೇ ಹೊರತು ಚರಂಡಿಗೆ ಬಿಡಬಾರದು.

ವಿದ್ಯುತ್ ಭಾಗಕ್ಕೆ ಕೈ ಹಾಕುವ ಮುನ್ನ ಬ್ಯಾಟರಿಯ ಅರ್ತ್ ತಂತಿಯನ್ನು ಮೊದಲು ಬಿಚ್ಚಬೇಕು. 1967ರವರೆಗಿನ ಎಂಜಿಬಿಗಳಲ್ಲಿ ಅರ್ತ್ ಆಗಿದ್ದುದು ಪಾಸಿಟಿವ್ ತುದಿ, ನಂತರದವುಗಳಲ್ಲಿ ನೆಗೆಟಿವ್. ನಡುವೆ ಯಾರಾದರೂ ಬದಲಿಸಿರಲೂಬಹುದು. ಆದ್ದರಿಂದ ಕಾರಿನ ಇಸವಿಯನ್ನು ನಂಬದೆ, ಯಾವ ತುದಿಯ ತಂತಿ ಕಾರಿನ ಮೈಗೆ ಬಿಗಿಯಾಗಿದೆ ಎಂದು ಕಣ್ಣಿಂದ ನೋಡಿ ತಿಳಿಯಬೇಕು. ಸೀಟಿನ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿಗಳಿದ್ದರೆ ಗಾಬರಿ ಬೇಡ, ಹಳೆಯ ಕಾರುಗಳ ಮೂಲ ಏರ್ಪಾಡೇ ಅದು.

ಗಾಳಿ ಬರುತ್ತದೆ, ಆದರೆ ಬಿಸಿಯಿಲ್ಲ

ಅತ್ಯಂತ ಸಾಮಾನ್ಯವಾದ ಲಕ್ಷಣ ಇದು. ಖರ್ಚಿಲ್ಲದೆ ಪತ್ತೆ ಹಚ್ಚಬಹುದಾದದ್ದೂ ಹೌದು. ಎಂಜಿನ್ ತಣ್ಣಗಿರುವಾಗ ರೇಡಿಯೇಟರಿನ ನೀರಿನ ಮಟ್ಟ ನೋಡಿ. ಹೀಟರ್ ಕೋರ್ ಸಾಕಷ್ಟು ಎತ್ತರದಲ್ಲಿರುವುದರಿಂದ, ನೀರು ಕಡಿಮೆಯಾದರೆ ಎಂಜಿನ್ ಅತಿಯಾಗಿ ಕಾಯುವುದಕ್ಕೂ ಮೊದಲು ಹೀಟರ್ ತಣ್ಣಗಾಗುತ್ತದೆ. ಎಂಜಿನ್ನಿನ ವೇಗ ಏರಿಸಿದಾಗ ಮಾತ್ರ ಬಿಸಿ ಬಂದು, ಐಡ್ಲಿಂಗ್‌ನಲ್ಲಿ ಹೋಗಿಬಿಡುವುದು ನೀರು ಕಡಿಮೆ ಇರುವುದರ ಅಥವಾ ಕೋರಿನಲ್ಲಿ ಗಾಳಿ ಸಿಕ್ಕಿಕೊಂಡಿರುವುದರ ಗುರುತು.

ಮಟ್ಟ ಸರಿಯಿದ್ದರೆ ಹತ್ತು ಹದಿನೈದು ನಿಮಿಷ ಕಾರು ಓಡಿಸಿ, ಹೀಟರ್ ತಿರುಗುಣಿಯನ್ನು ಪೂರ್ತಿ ಬಿಸಿಗೆ ಇಟ್ಟು, ಎಂಜಿನ್ ನಿಲ್ಲಿಸಿ ಬಾನೆಟ್ ತೆರೆಯಿರಿ. ಮೊದಲು ತಾಪಮಾಪಕ ನೋಡಿ. ಈ ಕಾರಿಗೆ ಸಾಮಾನ್ಯವಾಗಿ 82 ಡಿಗ್ರಿ ಸೆಲ್ಸಿಯಸ್‌ನ ಥರ್ಮೋಸ್ಟಾಟ್ (ಆ ತಾಪ ಬರುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಸಾಧನ) ಹಾಕುತ್ತಿದ್ದರು. ಬಿಸಿ ನಾಡುಗಳಿಗೆ 74, ಚಳಿ ನಾಡುಗಳಿಗೆ 88. ಬೆಚ್ಚನೆಯ ದೇಶದಿಂದ ಮರಳಿ ತರಿಸಿದ ಕಾರಿನಲ್ಲಿ 74ರದ್ದು ಉಳಿದಿದ್ದರೆ, ಅಥವಾ ಹಳೆಯ ಮಾಲೀಕರು ಎಂಜಿನ್ ಕಾಯುತ್ತದೆಂದು ಥರ್ಮೋಸ್ಟಾಟನ್ನೇ ಕಿತ್ತುಹಾಕಿದ್ದರೆ, ಬ್ರಿಟನ್ನಿನ ಜನವರಿಯಲ್ಲಿ ಎಂಜಿನ್ನೇ ಬೆಚ್ಚಗಾಗುವುದಿಲ್ಲ. ಹೀಟರಿಗೆ ಬಿಸಿ ಎಲ್ಲಿಂದ ಬರಬೇಕು? ಊರೊಳಗೆ ಬಿಸಿ ಬಂದು, ಹೆದ್ದಾರಿಯಲ್ಲಿ ಗಾಳಿ ತಣ್ಣಗಾಗುತ್ತಾ ಮಾಪಕದ ಮುಳ್ಳೂ ಇಳಿಯುತ್ತಿದ್ದರೆ ಥರ್ಮೋಸ್ಟಾಟ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಬಿದ್ದಿದೆ ಎಂದು ತಿಳಿಯಬಹುದು. ಹೊಸದಕ್ಕೆ ಹೆಚ್ಚು ಬೆಲೆಯಿಲ್ಲ. ಹಳೆಯದನ್ನು ಪಾತ್ರೆಯ ನೀರಿನಲ್ಲಿ ಕಾಯಿಸಿ, ಯಾವ ತಾಪಕ್ಕೆ ಬಾಯಿ ತೆರೆಯುತ್ತದೆಂದು ಥರ್ಮಾಮೀಟರ್ ಹಿಡಿದು ನೋಡಲೂಬಹುದು.

ಮಾಪಕ ಸರಿಯಾದ ತಾಪ ತೋರಿಸುತ್ತಿದ್ದರೆ ಹೀಟರಿಗೆ ಹೋಗುವ ಮತ್ತು ಅಲ್ಲಿಂದ ಮರಳುವ ಎರಡೂ ಹೋಸ್‌ಗಳನ್ನು ಮುಟ್ಟಿ ನೋಡಿ. ಕೈ ಸುಡುವಷ್ಟು ಬಿಸಿಯಿರಬಹುದು. ಬಟ್ಟೆಯ ಮೇಲಿಂದ ಒಂದು ಕ್ಷಣ ಮುಟ್ಟಿದರೆ ಸಾಕು. ಮುಂದಿನ ಕೆಲಸವೆಲ್ಲ ಈ ಒಂದು ಪರೀಕ್ಷೆಯ ಫಲದ ಮೇಲೆ ನಿಂತಿದೆ.

ಎರಡೂ ತಣ್ಣಗಿದ್ದರೆ ವಾಲ್ವ್ ತೆರೆದಿಲ್ಲ. ಒಬ್ಬರು ಒಳಗೆ ಕುಳಿತು ತಿರುಗುಣಿ ತಿರುಗಿಸುವಾಗ ಇನ್ನೊಬ್ಬರು ವಾಲ್ವಿನ ಸನ್ನೆಯನ್ನು (ಲಿವರ್) ನೋಡಬೇಕು. ಎಷ್ಟೋ ಬಾರಿ ಕೇಬಲ್ ಕ್ಲ್ಯಾಂಪಿನಿಂದ ಜಾರಿ, ತಿರುಗುಣಿ ಪೂರ್ತಿ ತಿರುಗಿದರೂ ಸನ್ನೆ ಅರ್ಧದಲ್ಲೇ ನಿಂತಿರುತ್ತದೆ. ಕೇಬಲನ್ನು ಸರಿಹೊಂದಿಸಿ ಸ್ಕ್ರೂ ಬಿಗಿದರೆ ಕೆಲಸ ಮುಗಿಯಿತು. ಸನ್ನೆ ಪೂರ್ತಿ ಚಲಿಸಿಯೂ ನೀರು ಹರಿಯದಿದ್ದರೆ ವಾಲ್ವಿನ ಒಳಗೆ ಕೆಸರು ಕಟ್ಟಿದೆ ಅಥವಾ ಒಳಭಾಗ ಮುರಿದಿದೆ. ಗಟ್ಟಿಯಾದ ಸನ್ನೆಯನ್ನು ಇಕ್ಕಳದಿಂದ ಬಲವಂತವಾಗಿ ತಿರುಗಿಸಬೇಡಿ, ವರ್ಷಗಳ ತುಕ್ಕು ಹಿಡಿದ ವಾಲ್ವ್ ಅಲ್ಲೇ ತುಂಡಾಗುತ್ತದೆ. ಬದಲಾಯಿಸುವಾಗ ಹೆಡ್ಡಿಗೆ ಕೂರುವ ಗ್ಯಾಸ್ಕೆಟನ್ನೂ ಹೊಸದು ಹಾಕಿ. ಮಾರುಕಟ್ಟೆಯ ಅಗ್ಗದ ವಾಲ್ವ್‌ಗಳು ಬೇಗನೆ ಜಿನುಗತೊಡಗುತ್ತವೆ. ಹಳೆಯ ವಾಲ್ವಿನ ಲೋಹ ಗಟ್ಟಿಯಿದ್ದರೆ ಅದನ್ನೇ ಬಿಚ್ಚಿ ಸರಿಪಡಿಸುವುದು ಮೇಲು.

ಹೋಗುವ ಹೋಸ್ ಬಿಸಿಯಾಗಿದ್ದು ಮರಳುವುದು ತಣ್ಣಗಿದ್ದರೆ, ನೀರು ಕೋರಿನ ಬಾಗಿಲಿಗೆ ಬಂದು ನಿಂತಿದೆ. ಇಲ್ಲಿ ಎರಡು ಸಾಧ್ಯತೆಗಳು: ಗಾಳಿ ಸಿಕ್ಕಿಕೊಂಡಿದೆ, ಇಲ್ಲವೇ ಕೋರ್ ಕಟ್ಟಿದೆ. ಇತ್ತೀಚೆಗೆ ಕೂಲೆಂಟ್ ಬದಲಿಸಿದ್ದರೆ ಮೊದಲನೆಯದನ್ನೇ ಶಂಕಿಸಬೇಕು. ಎಂಜಿನ್ ತಣ್ಣಗಾದ ಮೇಲೆ ಕಾರಿನ ಮೂತಿ ಮೇಲಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡಕಟ್ಟೆ ಕೊಟ್ಟು, ವಾಲ್ವ್ ಪೂರ್ತಿ ತೆರೆದು, ಹೀಟರಿನಿಂದ ಮರಳುವ ಹೋಸನ್ನು ಲೋಹದ ಕೊಳವೆಯಿಂದ ಬಿಡಿಸಿ. ಆ ಹೋಸ್ ಬಾಯಿಗೆ ಆಲಿಕೆಯಿಟ್ಟು ಕೂಲೆಂಟನ್ನು ನಿಧಾನವಾಗಿ ಸುರಿಯುತ್ತಾ ಹೋದರೆ ಗುಳ್ಳೆಗಳು ಹೊರಬೀಳುತ್ತವೆ. ಮಟ್ಟ ನಿಂತ ಮೇಲೆ ಹೋಸ್ ಮರಳಿ ಜೋಡಿಸಿ, ರೇಡಿಯೇಟರನ್ನು ತುಂಬಿಸಿ. ಹೀಗೆ ತೆಗೆದ ಗಾಳಿ ಕೆಲವೇ ದಿನಗಳಲ್ಲಿ ಮತ್ತೆ ಸೇರುತ್ತಿದ್ದರೆ, ರೇಡಿಯೇಟರಿನಲ್ಲಿ ಸತತ ಗುಳ್ಳೆ ಕಾಣುತ್ತಿದ್ದರೆ, ಅಥವಾ ಆಯಿಲ್ ಮುಚ್ಚಳದ ಅಡಿಯಲ್ಲಿ ಬಿಳಿಯ ಮಡ್ಡಿ ಹೇರಳವಾಗಿದ್ದರೆ, ಹೀಟರಿನ ಕೆಲಸವನ್ನು ಅಲ್ಲಿಗೆ ನಿಲ್ಲಿಸಬೇಕು. ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲ್) ಸೋರುತ್ತಿರುವ ಸಂಭವ ಹೆಚ್ಚು. ನುರಿತ ಮೆಕ್ಯಾನಿಕ್ ಒತ್ತಡ ಪರೀಕ್ಷೆ ಮಾಡುವವರೆಗೆ ಕಾರು ಓಡಿಸಬಾರದು.

ಗಾಳಿ ತೆಗೆದರೂ ಮರಳುವ ಹೋಸ್ ತಣ್ಣಗೇ ಇದ್ದರೆ ಕೋರ್ ಕಟ್ಟಿದೆ. ಬಿ-ಸರಣಿಯ ಎಂಜಿನ್ನಿನಲ್ಲಿ ತುಕ್ಕು ಮತ್ತು ಮಡ್ಡಿ ಬ್ಲಾಕಿನ ಹಿಂಭಾಗದಲ್ಲಿ ಶೇಖರವಾಗುತ್ತವೆ, ಹೀಟರ್ ನೀರು ಸೆಳೆಯುವುದೂ ಹಿಂಭಾಗದಿಂದಲೇ. ಆದ್ದರಿಂದ ಹಲವು ವರ್ಷ ಬರೀ ನೀರು ತುಂಬಿ ಓಡಿಸಿದ ಕಾರಿನಲ್ಲಿ ಈ ತೊಂದರೆ ಬರದಿದ್ದರೇ ಆಶ್ಚರ್ಯ. ಎರಡೂ ಹೋಸ್ ಬಿಡಿಸಿ, ನೀರು ಸಾಮಾನ್ಯವಾಗಿ ಹರಿಯುವ ದಿಕ್ಕಿಗೆ ವಿರುದ್ಧವಾಗಿ, ತೋಟದ ಪೈಪಿನಿಂದ ಮೆಲ್ಲನೆ ನೀರು ಬಿಡಿ. ಮೆಲ್ಲನೆ ಎಂಬುದು ಮುಖ್ಯ. ಹಳೆಯ ಎಂಜಿಬಿಗಳ ರೇಡಿಯೇಟರ್ ಮುಚ್ಚಳ 7 ಅಥವಾ 10 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್) ಒತ್ತಡಕ್ಕೆ ಮಾಡಿದ್ದು. ಮನೆಯ ನಲ್ಲಿಯ ಒತ್ತಡ ಅದರ ಹಲವು ಪಟ್ಟು ಇರಬಹುದು, ಬೆಸುಗೆ ಬಿಡಿಸಿ ಕೋರನ್ನು ಒಡೆಯಲು ಅಷ್ಟು ಸಾಕು. ಕೆಂಪು ನೀರು ತಿಳಿಯಾಗುವವರೆಗೆ ದಿಕ್ಕು ಬದಲಿಸುತ್ತಾ ತೊಳೆಯಿರಿ. ಬರೀ ನೀರಿಗೆ ಜಗ್ಗದಿದ್ದರೆ ಸಿಟ್ರಿಕ್ ಆಮ್ಲದ ತೆಳು ದ್ರಾವಣವನ್ನು ಕೆಲವು ಗಂಟೆ ತುಂಬಿಟ್ಟು, ಬಳಿಕ ಧಾರಾಳವಾಗಿ ತೊಳೆಯಬಹುದು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಶೌಚಾಲಯ ತೊಳೆಯುವ ಬಲವಾದ ಆಮ್ಲಗಳನ್ನು ಮಾತ್ರ ಬಳಸಬೇಡಿ, ಅವು ಹಿತ್ತಾಳೆಯನ್ನೂ ಬೆಸುಗೆಯನ್ನೂ ತಿನ್ನುತ್ತವೆ.

ಎರಡೂ ಹೋಸ್ ಬಿಸಿಯಾಗಿದ್ದರೂ ಒಳಗೆ ಚಳಿಯೇ ಇದ್ದರೆ ನೀರಿನ ಕಡೆ ಯಾವ ದೋಷವೂ ಇಲ್ಲ. ಮುಂದಿನ ಎರಡು ಭಾಗಗಳನ್ನು ಓದಿ.

ಫ್ಯಾನ್ ತಿರುಗುವುದಿಲ್ಲ, ಅಥವಾ ಸೋತಂತೆ ತಿರುಗುತ್ತದೆ

ಕಾರು ವೇಗವಾಗಿ ಓಡುವಾಗ ಜಾಲರಿಯಿಂದ ಗಾಳಿ ತಾನಾಗಿ ನುಗ್ಗುತ್ತದೆ. ಆದ್ದರಿಂದ ರಸ್ತೆಯಲ್ಲಿ ಬೆಚ್ಚಗಿದ್ದು ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ತಣ್ಣಗಾಗುವ ಕಾರಿನಲ್ಲಿ ಫ್ಯಾನನ್ನು ನೋಡಬೇಕು.

ಫ್ಯಾನಿಗೆ ವಿದ್ಯುತ್ ಬರುವುದು ಇಗ್ನಿಷನ್ ಹಾಕಿದಾಗ ಜೀವ ಬರುವ ಹಸಿರು ತಂತಿಗಳ ಸಾಲಿನಿಂದ. ಇಂಡಿಕೇಟರ್, ಬ್ರೇಕ್ ದೀಪಗಳೂ ಸಾಮಾನ್ಯವಾಗಿ ಅದೇ ಸಾಲಿನಲ್ಲಿರುತ್ತವೆ. ಅವೂ ಸತ್ತಿದ್ದರೆ ಫ್ಯೂಸ್ ನೋಡಿ. ಫ್ಯೂಸ್ ಹಾಕುವಾಗ ಒಂದು ಎಚ್ಚರ ಬೇಕು. ಹಳೆಯ ಬ್ರಿಟಿಷ್ ಗಾಜಿನ ಫ್ಯೂಸಿನ ಮೇಲೆ ಬರೆದ 35 ಆಂಪಿಯರ್ ಅದು ಸುಟ್ಟುಹೋಗುವ ಮಟ್ಟ. ಸತತವಾಗಿ ಅದು ಹೊರಬಲ್ಲದ್ದು 17 ಆಂಪಿಯರ್ ಮಾತ್ರ. ಇಂದಿನ ಅಳತೆಯ 35 ಆಂಪಿಯರ್ ಫ್ಯೂಸನ್ನು ಅಲ್ಲಿಗೆ ತುರುಕಿದರೆ ಫ್ಯೂಸಿಗಿಂತ ಮೊದಲು ತಂತಿ ಸುಡುತ್ತದೆ. ಹೊಸ ಫ್ಯೂಸ್ ಕೂಡಲೇ ಹೋದರೆ ಇನ್ನೊಂದನ್ನು ಹಾಕುವ ಬದಲು ಶಾರ್ಟ್ ಎಲ್ಲಿದೆ ಎಂದು ಹುಡುಕಬೇಕು. ಡ್ಯಾಶ್‌ಬೋರ್ಡಿನ ಅಡಿಯಿಂದ ಸುಟ್ಟ ವಾಸನೆ ಬಂದಿದ್ದರೆ ಬ್ಯಾಟರಿ ಬಿಚ್ಚಿಟ್ಟು ಆಟೋ ಎಲೆಕ್ಟ್ರಿಷಿಯನ್ ಬಳಿ ಹೋಗುವುದೇ ಸರಿ.

ಫ್ಯೂಸ್ ಸರಿಯಿದ್ದರೆ, ಬಾನೆಟ್ ಅಡಿಯಲ್ಲಿ ಮೋಟಾರಿನ ತಂತಿಗಳು ಸೇರುವ ಬುಲೆಟ್ ಕನೆಕ್ಟರ್ ಬಳಿ ಮಲ್ಟಿಮೀಟರ್ ಹಿಡಿಯಿರಿ. ಸ್ವಿಚ್ ಹಾಕಿ ಮೋಟಾರ್ ಜೋಡಿಸಿರುವಾಗಲೇ ಅಳೆಯಬೇಕು. ತಂತಿ ಬಿಡಿಸಿ ಅಳೆದರೆ ಹಸಿರುಗಟ್ಟಿದ ಕನೆಕ್ಟರ್ ಕೂಡ 12 ವೋಲ್ಟ್ ತೋರಿಸಿ ಮೋಸ ಮಾಡುತ್ತದೆ. ಅಲ್ಲಿ ವೋಲ್ಟೇಜ್ ಬಹಳ ಕಡಿಮೆಯಿದ್ದರೆ ಹಿಂದಕ್ಕೆ, ಸ್ವಿಚ್ಚಿನತ್ತ ಸಾಗುತ್ತಾ ಪ್ರತಿ ಕನೆಕ್ಟರನ್ನೂ ಉಜ್ಜಿ ಶುಚಿಗೊಳಿಸಿ. ವೋಲ್ಟೇಜ್ ಸರಿಯಿದ್ದರೆ ಕಪ್ಪು ಅರ್ತ್ ತಂತಿಯನ್ನು ನೋಡಿ. ಅದೂ ಸರಿಯಿದ್ದರೆ ದೋಷ ಮೋಟಾರಿನಲ್ಲೇ ಇದೆ.

ಸಮಾಧಾನದ ಸಂಗತಿಯೆಂದರೆ, ಪೆಟ್ಟಿಗೆಯನ್ನು ಅಲುಗಿಸದೆ ಮೋಟಾರನ್ನಷ್ಟೇ ಸ್ಕ್ರೂ ಬಿಚ್ಚಿ ಎಂಜಿನ್ ಕಡೆಯಿಂದ ಹೊರಗೆಳೆಯಬಹುದು. ಕೈಯಿಂದ ತಿರುಗಿಸಿದಾಗ ಬಿಗಿಯಾಗಿದ್ದರೆ ಬೇರಿಂಗಿನ ಎಣ್ಣೆ ಒಣಗಿದೆ. ಎರಡು ತುದಿಗೂ ತೆಳು ಎಣ್ಣೆಯ ಹನಿಗಳನ್ನು ಹಾಕಿ, ಸವೆದ ಬ್ರಷ್ ಬದಲಿಸಿ, ಕಮ್ಯುಟೇಟರನ್ನು (ಬ್ರಷ್ ತಾಗುವ ತಾಮ್ರದ ಸುತ್ತು) ನಯವಾದ ಮರಳುಕಾಗದದಿಂದ ಮೆಲ್ಲನೆ ಉಜ್ಜಿದರೆ ಹೆಚ್ಚಿನ ಮೋಟಾರ್‌ಗಳು ಮರಳಿ ಜೀವ ತಳೆಯುತ್ತವೆ. ಪಾಸಿಟಿವ್ ಅರ್ತ್‌ನಿಂದ ನೆಗೆಟಿವ್ ಅರ್ತ್‌ಗೆ ಬದಲಿಸಿದ ಕಾರಿನಲ್ಲಿ ಫ್ಯಾನ್ ಜೋರಾಗಿ ಸದ್ದು ಮಾಡಿಯೂ ಗಾಳಿ ಸಾಲದಿದ್ದರೆ, ಅದು ತಿರುಗುವ ದಿಕ್ಕನ್ನು ನೋಡಿ. ಶಾಶ್ವತ ಅಯಸ್ಕಾಂತದ ಮೋಟಾರ್ ಧ್ರುವ ಬದಲಾದಾಗ ಹಿಂದುಮುಂದಾಗಿ ತಿರುಗುತ್ತದೆ. ಅದರ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಸರಿಹೋಗುತ್ತದೆ.

ಫ್ಯಾನ್ ಚೆನ್ನಾಗಿದೆ, ಆದರೂ ಕಾಲಿಗೂ ಬಿಸಿಯಿಲ್ಲ, ಗಾಜಿಗೂ ಇಲ್ಲ

ಜಾಲರಿಯ ಕೆಳಗೆ ಎಲೆ ತುಂಬಿದೆಯೇ ಎಂದು ಮೊದಲು ನೋಡಿ. ನಂತರ ಡ್ಯಾಶ್‌ಬೋರ್ಡಿನ ಕೆಳಗೆ ತಲೆಯಿಟ್ಟು, ಗಾಜಿನತ್ತ ಏರುವ ಎರಡು ಡಿಮಿಸ್ಟರ್ ಕೊಳವೆಗಳು ಸ್ವಸ್ಥಾನದಲ್ಲಿವೆಯೇ ಎಂದು ಪರೀಕ್ಷಿಸಿ. ರೇಡಿಯೊ ಹಾಕಲು ಬಂದವರು ಅವನ್ನು ಕಳಚಿ ಹಾಗೆಯೇ ಬಿಟ್ಟಿರುವುದು ಹೊಸ ಸಂಗತಿಯೇನಲ್ಲ. ಕಾಲಿನ ಬಳಿಯ ಬಾಗಿಲುಗಳನ್ನು ಮುಚ್ಚಿದಾಗ ಗಾಜಿಗೆ ಗಾಳಿ ಹೆಚ್ಚಾದರೆ ಕೊಳವೆಗಳು ಸರಿಯಿವೆ. ಗಾಳಿಯ ತಿರುಗುಣಿ ಸಡಿಲವಾಗಿ ಸುತ್ತುತ್ತಿದ್ದರೆ ಫ್ಲ್ಯಾಪಿನ ಕೇಬಲ್ ಜಾರಿದೆ.

ಇವೆಲ್ಲ ಸರಿಯಿದ್ದು, ಎರಡೂ ಹೋಸ್ ಬಿಸಿಯಿದ್ದು, ಗಾಳಿಯೂ ಧಾರಾಳವಾಗಿ ಬಂದು ಬರೀ ಉಗುರುಬೆಚ್ಚಗಿದ್ದರೆ, ಕೋರಿನ ಸುತ್ತ ಇರಬೇಕಾದ ಫೋಮ್ ಪುಡಿಯಾಗಿದೆ. ದುರ್ಬಲ ಹೀಟರ್ ಎಂಬ ಅಪಖ್ಯಾತಿಗೆ ನಿಜವಾದ ಕಾರಣ ಬಹುಮಟ್ಟಿಗೆ ಈ ಫೋಮ್ ಎಂಬುದು ಈ ಲೇಖಕನ ಅಭಿಪ್ರಾಯ. ಐವತ್ತು ವರ್ಷದ ಸ್ಪಂಜು ಉದುರಿಹೋದಾಗ ಕೋರಿಗೂ ಪೆಟ್ಟಿಗೆಗೂ ನಡುವೆ ಬೆರಳಗಲದ ಸಂದಿ ಉಳಿಯುತ್ತದೆ. ಗಾಳಿ ಒತ್ತೊತ್ತಾದ ರೆಕ್ಕೆಗಳ ನಡುವೆ ನುಸುಳುವ ಬದಲು ಆ ಸಲೀಸಾದ ದಾರಿ ಹಿಡಿಯುತ್ತದೆ. ಗಾಳಿಯ ಬಾಯಿಯಿಂದ ಕಪ್ಪು ಸ್ಪಂಜಿನ ಚೂರುಗಳು ಕಾಲ ಮೇಲೆ ಬೀಳುತ್ತಿದ್ದರೆ ಬೇರೆ ಸಾಕ್ಷಿ ಬೇಡ. ಇದಕ್ಕೆ ಪೆಟ್ಟಿಗೆ ಹೊರತೆಗೆಯದೆ ಪರಿಹಾರವಿಲ್ಲ.

ಬಿಸಿ ನಿಲ್ಲುವುದೇ ಇಲ್ಲ

ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ. ಮೊದಲು ಕೇಬಲ್, ಆಮೇಲೆ ವಾಲ್ವ್. ಬೇಸಿಗೆ ಮುಗಿಯುವವರೆಗೆ ಹೋಸನ್ನು ಕ್ಲ್ಯಾಂಪಿನಿಂದ ಹಿಸುಕಿಡುವ ಅಭ್ಯಾಸ ಕೆಲವರಿಗಿದೆ. ಹಳೆಯ ರಬ್ಬರ್ ಅಲ್ಲಿಯೇ ಸೀಳುತ್ತದೆ.

ಕಾಲಡಿಯ ಕಾರ್ಪೆಟ್ ಒದ್ದೆಯಾಗಿದೆ

ಒದ್ದೆಯಾದ ಜಾಗವನ್ನು ಬಿಳಿ ಕಾಗದದಿಂದ ಒತ್ತಿ ನೋಡಿ. ಬಣ್ಣವಿಲ್ಲದ, ಅಂಟಿಲ್ಲದ ನೀರು ಮಳೆಯದು. ಜಾಲರಿಯಿಂದ ಇಳಿದ ಮಳೆನೀರು ಹೊರಹೋಗಲು ಒಂದು ಕೊಳವೆಯಿದೆ. ಎಲೆ ಕೊಳೆತು ಅದು ಕಟ್ಟಿದರೆ ನೀರು ತುಂಬಿ ಹೀಟರ್ ಮೂಲಕ ಒಳಗೆ ಸುರಿಯುತ್ತದೆ. ಜಾಲರಿಗೆ ಒಂದು ಲೋಟ ನೀರು ಹಾಕಿ, ಅದು ಕಾರಿನ ಅಡಿಯಲ್ಲಿ ಬೀಳುತ್ತದೆಯೇ ಎಂದು ನೋಡಿದರೆ ತಿಳಿಯುತ್ತದೆ. ಬಗ್ಗುವ ತಂತಿಯಿಂದ ಕೆಳಗಿನಿಂದ ಬಿಡಿಸಿ; ಹಾಗೆಯೇ ಬಿಟ್ಟರೆ ಕಾಲಡಿಯ ತಗಡು ತುಕ್ಕು ಹಿಡಿಯುತ್ತದೆ, ಹೀಟರಿಗಿಂತ ದೊಡ್ಡ ಖರ್ಚು ಅದು.

ಕಾಗದಕ್ಕೆ ಬಣ್ಣ ಅಂಟಿದರೆ, ಬೆರಳಿಗೆ ಜಿಡ್ಡೆನಿಸಿದರೆ, ಹೀಟರ್ ಹಾಕಿದಾಗ ಸಿಹಿ ವಾಸನೆಯೊಂದಿಗೆ ಗಾಜಿನ ಒಳಮೈಗೆ ಎಣ್ಣೆಯಂಥ ಮಂಜು ಕಟ್ಟಿದರೆ, ಕೋರ್ ಸೋರುತ್ತಿದೆ. ರುಚಿ ನೋಡಿ ಪರೀಕ್ಷಿಸುವ ಹಳೆಯ ಚಾಳಿ ಬೇಡ. ವಾಲ್ವ್ ಮುಚ್ಚಿದರೆ ಸೋರಿಕೆ ನಿಲ್ಲುತ್ತದೆಂದು ಭಾವಿಸುವುದೂ ತಪ್ಪು: ವಾಲ್ವ್ ತಡೆಯುವುದು ಹೋಗುವ ನೀರನ್ನು ಮಾತ್ರ, ಮರಳುವ ಕೊಳವೆಯ ಕಡೆಯಿಂದ ಒತ್ತಡ ಇದ್ದೇ ಇರುತ್ತದೆ. ತಾತ್ಕಾಲಿಕವಾಗಿ ವಾಲ್ವಿನಿಂದ ಮರಳುವ ಲೋಹದ ಕೊಳವೆಗೆ ನೇರವಾಗಿ ಒಂದು ಹೋಸ್ ಜೋಡಿಸಿ, ಹೀಟರನ್ನು ದಾರಿಯಿಂದಲೇ ಬಿಟ್ಟುಬಿಡಬಹುದು. ಹೀಟರಿಲ್ಲದೆಯೂ ಮಾರಾಟವಾಗುತ್ತಿದ್ದ ಕಾರಾದ್ದರಿಂದ ಎಂಜಿನ್ನಿಗೆ ಇದರಿಂದ ಹಾನಿಯಿಲ್ಲ. ಆದರೆ ಮಂಜು ತೆಗೆಯುವ ಸಾಧನವಿಲ್ಲದೆ ಚಳಿಗಾಲದಲ್ಲಿ ಕಾರು ಹೊರತೆಗೆಯಬೇಡಿ. ಸೋರಿಕೆ ತಡೆಯುವ ಪುಡಿಗಳನ್ನು ರೇಡಿಯೇಟರಿಗೆ ಹಾಕಿದರೆ ಕೋರಿನ ಸಣ್ಣ ನಾಳಗಳೂ ಮುಚ್ಚಿಕೊಳ್ಳುತ್ತವೆ.

ಒಳಗೆ ಹೊಗೆಯ ಅಥವಾ ಪೆಟ್ರೋಲಿನ ವಾಸನೆ

ಈ ಲಕ್ಷಣ ಕಂಡಾಗ ಕ್ರಮವಾಗಿ ಪರೀಕ್ಷಿಸುವ ಮಾತಿಲ್ಲ. ಕಿಟಕಿ ತೆರೆದು ಕಾರು ನಿಲ್ಲಿಸಬೇಕು. ಹೀಟರ್ ಪೆಟ್ಟಿಗೆ ಎಂಜಿನ್ ಕೋಣೆಯಲ್ಲೇ ಕೂತಿರುವುದರಿಂದ, ಎಂಜಿನ್ ಕೋಣೆಯನ್ನು ಕಾರಿನ ಒಳಭಾಗದಿಂದ ಬೇರ್ಪಡಿಸುವ ತಗಡಿನ ಗೋಡೆಗೂ ಪೆಟ್ಟಿಗೆಗೂ ನಡುವಿನ ಸೀಲ್ ಹೋದರೆ ಎಂಜಿನ್ ಕೋಣೆಯ ಗಾಳಿ ನೇರವಾಗಿ ಒಳಬರುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸೋರುತ್ತಿದ್ದರೆ ಅದರೊಂದಿಗೆ ಕಾರ್ಬನ್ ಮೊನಾಕ್ಸೈಡ್ ಕೂಡ ಬರುತ್ತದೆ; ಅದಕ್ಕೆ ವಾಸನೆಯಿಲ್ಲ, ತಲೆನೋವು ಮತ್ತು ಮಂಪರು ಬಂದಾಗಲೇ ತಿಳಿಯುವುದು. ಪೆಟ್ರೋಲ್ ವಾಸನೆಯಿದ್ದರೆ ಕಾರ್ಬ್ಯುರೇಟರ್ ಮತ್ತು ಇಂಧನದ ಕೊಳವೆ ಪರೀಕ್ಷಿಸುವವರೆಗೆ ಯಾವ ಸ್ವಿಚ್ಚನ್ನೂ ಮುಟ್ಟಬಾರದು. ಕಾರಣ ಕಣ್ಣಿಗೆ ಕಾಣದಿದ್ದರೆ ಕಾರನ್ನು ವಾಹನದ ಮೇಲೆ ಹೇರಿ ಗ್ಯಾರೇಜಿಗೆ ಕಳಿಸಿ.

ಪೆಟ್ಟಿಗೆ ಹೊರತೆಗೆಯಲೇಬೇಕಾದಾಗ

ಕೋರ್ ಸೋರಿಕೆ, ತೊಳೆದರೂ ಬಿಡದ ಕಟ್ಟು, ಪುಡಿಯಾದ ಫೋಮ್, ಈ ಮೂರೇ ಪೆಟ್ಟಿಗೆ ತೆಗೆಯಲು ತಕ್ಕ ಕಾರಣಗಳು. ಒಂದು ಇಡೀ ದಿನ ಮೀಸಲಿಡಿ. ಕೂಲೆಂಟ್ ಸುರಿಸಿ, ಹೋಸ್, ಕೇಬಲ್, ತಂತಿಗಳನ್ನು ಬಿಡಿಸಿ, ಒಳಗಿನಿಂದ ಡಿಮಿಸ್ಟರ್ ಕೊಳವೆಗಳನ್ನು ಕಳಚಿದ ಮೇಲೆ ಪೆಟ್ಟಿಗೆಯ ಸ್ಕ್ರೂಗಳನ್ನು ಬಿಚ್ಚಬೇಕು. ಹೋಸ್ ಅಂಟಿಕೊಂಡಿದ್ದರೆ ಎಳೆಯದೆ ಉದ್ದಕ್ಕೆ ಸೀಳಿ ತೆಗೆಯಿರಿ. ಹೋಸ್ ಹೋದರೆ ಸ್ವಲ್ಪ ಹಣ, ಕೋರಿನ ತಾಮ್ರದ ಮೂತಿ ತಿರುಚಿದರೆ ಕೋರೇ ಹೋದಂತೆ. ಹಳೆಯ ಸೀಲ್ ಅಂಟಿನಂತೆ ಹಿಡಿದಿರುವುದರಿಂದ ಪೆಟ್ಟಿಗೆಯನ್ನು ಅಕ್ಕಪಕ್ಕ ಅಲುಗಿಸುತ್ತಾ ತಾಳ್ಮೆಯಿಂದ ಎತ್ತಬೇಕು. ಹತ್ತಿರದಲ್ಲೇ ತಾಪಮಾಪಕದ ತೆಳು ಕೊಳವೆ ಹಾದುಹೋಗುವ ಕಾರುಗಳಲ್ಲಿ ಅದು ಮುರಿಯದಂತೆ ನೋಡಿಕೊಳ್ಳಿ.

ಹೊರಬಂದ ಕೋರಿನ ಒಂದು ಮೂತಿಯನ್ನು ಮುಚ್ಚಿ, ಇನ್ನೊಂದಕ್ಕೆ ಸೈಕಲ್ ಪಂಪ್ ಜೋಡಿಸಿ, ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ, 10 ಪಿಎಸ್‌ಐ ಮೀರದಂತೆ ಗಾಳಿ ತುಂಬಿ. ಗುಳ್ಳೆ ಅಂಚಿನ ಬೆಸುಗೆಯಿಂದ ಬಂದರೆ ರೇಡಿಯೇಟರ್ ರಿಪೇರಿಯವರು ಸುಲಭವಾಗಿ ಸರಿಪಡಿಸುತ್ತಾರೆ. ನಡುವಿನ ನಾಳಗಳಿಂದ ಬಂದರೆ ಹೊಸ ಕೋರ್ ಕಟ್ಟಿಸುವುದೇ ಲೇಸು. ಗ್ಯಾಸ್ ಬರ್ನರ್ ಹಿಡಿದು ಮನೆಯಲ್ಲೇ ಬೆಸೆಯಲು ಹೋದರೆ ಒಂದು ಕಡೆ ಕೂಡಿಸುವಾಗ ಪಕ್ಕದ ಬೆಸುಗೆ ಕರಗುತ್ತದೆ.

ಪೆಟ್ಟಿಗೆಯ ತುಕ್ಕನ್ನು ಒದ್ದೆ ಮರಳುಕಾಗದದಿಂದ ಉಜ್ಜಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಒಣ ಧೂಳು ಎಬ್ಬಿಸಬಾರದು, ಮಾಸ್ಕ್ ಇರಲಿ. ಪ್ರೈಮರ್ ಮತ್ತು ಬಣ್ಣ ಪೂರ್ತಿ ಒಣಗಿದ ಮೇಲೆ ಕೋರಿನ ನಾಲ್ಕೂ ಬದಿಗೆ, ಫ್ಲ್ಯಾಪಿನ ಅಂಚಿಗೆ, ತಗಡಿನ ಗೋಡೆಗೆ ತಾಗುವ ಬಾಯಿಗೆ ನೀರು ಹೀರದ, ಮುಚ್ಚಿದ ರಂಧ್ರಗಳ ಫೋಮ್ ಅಂಟಿಸಿ. ನೀರು ಹೀರುವ ಸಾಮಾನ್ಯ ಸ್ಪಂಜು ಹಾಕಿದರೆ ಪೆಟ್ಟಿಗೆ ಮತ್ತೆ ತುಕ್ಕು ಹಿಡಿಯುತ್ತದೆ. ಕೋರನ್ನು ಕೂರಿಸಿದ ಮೇಲೆ ಒಂದು ಬದಿಯಿಂದ ಟಾರ್ಚ್ ಹಾಕಿ ನೋಡಿ. ರೆಕ್ಕೆಗಳ ನಡುವೆಯಲ್ಲದೆ ಅಂಚಿನಲ್ಲಿ ಎಲ್ಲಿಯೂ ಬೆಳಕು ಕಾಣಬಾರದು. ಮೋಟಾರಿಗೆ ಎಣ್ಣೆ ಹಾಕಲು, ಡಿಮಿಸ್ಟರ್ ಕೊಳವೆ ಬದಲಿಸಲು, ಮಳೆನೀರಿನ ಕೊಳವೆ ತೊಳೆಯಲು ಇದಕ್ಕಿಂತ ಒಳ್ಳೆಯ ಸಮಯ ಮತ್ತೆ ಸಿಗದು.

ಮರಳಿ ತುಂಬುವ ಕೂಲೆಂಟ್ ಹಳೆಯ ಎಂಜಿನ್‌ಗಳಿಗೆ ಒಗ್ಗುವ ಸಿಲಿಕೇಟ್ ಬಗೆಯದಾಗಿರಲಿ, ನೀರಿನೊಂದಿಗೆ ಸಮಪ್ರಮಾಣದಲ್ಲಿ. ಬಣ್ಣ ನೋಡಿ ಕೊಳ್ಳಬೇಡಿ, ಡಬ್ಬಿಯ ಮೇಲಿನ ವಿವರ ಓದಿ. ಮೇಲೆ ಹೇಳಿದಂತೆ ಮರಳುವ ಹೋಸಿನಿಂದ ಗಾಳಿ ತೆಗೆದು, ಎಂಜಿನ್ ಒಮ್ಮೆ ಕಾದು ಪೂರ್ತಿ ತಣ್ಣಗಾದ ಬಳಿಕ ಮಟ್ಟವನ್ನು ಮತ್ತೆ ನೋಡಿ, ಹೋಸ್ ಕ್ಲಿಪ್‌ಗಳನ್ನು ಇನ್ನೊಮ್ಮೆ ಬಿಗಿಯಿರಿ.